ಮುರಕಲ್ಲ ನೆಲದ ಬೇಸಿಗೆ ಪಾಠ: ಪುರಾತತ್ತ್ವ ಕ್ಷೇತ್ರ ಶಿಬಿರದಲ್ಲಿ ನಡೆಯುವುದೇನು

ಏಪ್ರಿಲ್, ಮೇ ರಜೆಯ ಪುರಾತತ್ತ್ವ ಶಿಬಿರ ಎಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ನಾಣ್ಯದ ಕೊಡ, ತಲೆಬುರುಡೆ, ತುಕ್ಕು ಹಿಡಿದ ಕತ್ತಿ. ಕಾಸರಗೋಡಿನ ಗುಡ್ಡೆಯ ಮೇಲೆ ಮೂರು ವಾರ ಕಳೆದ ವಿದ್ಯಾರ್ಥಿಯ ನೋಟ್‌ಬುಕ್ ತೆರೆದರೆ ಸಿಗುವುದು ಮಣ್ಣಿನ ಬಣ್ಣ, ಆಳದ ಅಂಕಿ, ಮಡಕೆ ಚೂರುಗಳ ತೂಕ, ಗ್ರಾಫ್ ಹಾಳೆಯ ಮೇಲಿನ ಪೆನ್ಸಿಲ್ ಗೆರೆ. ಹಾಗಿದ್ದರೆ ಆ ಶಿಬಿರ ಸರಿಯಾಗಿ ನಡೆದಿದೆ ಎಂದು ತಿಳಿಯಬಹುದು. ಅಗೆದು ತೆಗೆದ ಪದರವನ್ನು ಮತ್ತೆ ಮೊದಲಿನ ಹಾಗೆ ಕೂರಿಸಲು ಯಾರಿಂದಲೂ ಆಗದು. ಬರೆದಿಟ್ಟದ್ದಷ್ಟೇ ಉಳಿಯುತ್ತದೆ. ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂದು ಬರೆಯದೆ ಎತ್ತಿಕೊಂಡ ಮಡಕೆ ಎಷ್ಟೇ ಚಂದವಿರಲಿ, ಅದರಿಂದ ಇತಿಹಾಸಕ್ಕೆ ಉಪಯೋಗ ಬಹಳ ಕಡಿಮೆ.

ಭಾರತದಲ್ಲಿ ಉತ್ಖನನದ ಕಾಲ ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆಯವರೆಗೆ ಇರುತ್ತದೆ. ಉತ್ತರದ ತಂಡಗಳು ಚಳಿಗಾಲವನ್ನೇ ನೆಚ್ಚಿಕೊಳ್ಳುತ್ತವೆ. ಕಾಲೇಜಿನ ವಿದ್ಯಾರ್ಥಿಗಳಿಗೆ ಮಾತ್ರ ಉದ್ದ ರಜೆ ಸಿಗುವುದು ಬೇಸಿಗೆಯಲ್ಲೇ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಮೇ 20ರ ಹೊತ್ತಿಗೆ ಗುಂಡಿ ಮುಚ್ಚಿ ಆಗಿರಬೇಕು ಎಂದು ಲೆಕ್ಕ ಹಾಕಿದರೆ, ಏಪ್ರಿಲ್ 1ರಿಂದ ಎಣಿಸಿದರೂ ಕೈಯಲ್ಲಿ ಉಳಿಯುವುದು ಏಳು ವಾರ. ಅದರಲ್ಲಿ ಒಂದು ಶಿಬಿರಕ್ಕೆ ಮೂರು ವಾರ ತೆಗೆದಿಡುವುದು ರೂಢಿಗೆ ಒಗ್ಗುವ ಅವಧಿ.

ಪರವಾನಗಿಯ ಮಾತು ಮೊದಲೇ ಆಡಬೇಕು. 1958ರ ಪ್ರಾಚೀನ ಸ್ಮಾರಕ ಕಾಯ್ದೆ ಮತ್ತು 1959ರ ನಿಯಮಗಳ ಪ್ರಕಾರ ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಅದರಲ್ಲಿ ಸ್ಥಳ, ನಿರ್ದೇಶಕರ ಹೆಸರು, ಅವಧಿ ಎಲ್ಲವೂ ಇರುತ್ತದೆ. ಜಾಗದ ಯಜಮಾನರ ಲಿಖಿತ ಒಪ್ಪಿಗೆ ಬೇರೆಯೇ ಬೇಕು. ನೆಲದಲ್ಲಿ ಹೂತ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನು 1878ರಿಂದ ಇದೆ, ಕೇರಳಕ್ಕೆ 1968ರ ತನ್ನದೇ ನಿಧಿ ಕಾಯ್ದೆ ಇದೆ. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತು 1972ರ ಕಾಯ್ದೆಯ ಕೆಳಗೆ ಪ್ರಾಚ್ಯವಸ್ತು ಎನಿಸುತ್ತದೆ, ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಶಿಬಿರಕ್ಕೆ ಹೆಸರು ಕೊಡುವ ಮೊದಲು ಪರವಾನಗಿ ಪತ್ರದ ಪ್ರತಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪರವಾನಗಿ ಇಲ್ಲದಿದ್ದರೆ ಅಲ್ಲಿ ನೆಲದ ಮೇಲಿನ ಪರಿಶೀಲನೆ ಮಾಡಬಹುದು, ಅಳೆಯಬಹುದು, ಚಿತ್ರ ತೆಗೆಯಬಹುದು. ಪಿಕ್ಕಾಸು ಮಾತ್ರ ಎತ್ತಬಾರದು.

ಇಂಥ ಶಿಬಿರಗಳ ಪರಂಪರೆಗೆ ನಮ್ಮ ಕಡೆಯ ಕೊಂಡಿಯೂ ಇದೆ. 1944ರಲ್ಲಿ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ಮಾರ್ಟಿಮರ್ ವೀಲರ್ ಅದೇ ವರ್ಷ ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ನಡೆಸಿದರು. ಮುಂದೆ ಹೆಸರಾಂತ ಪುರಾತತ್ತ್ವಜ್ಞರಾದ ಬಿ.ಬಿ. ಲಾಲ್‌ರಂಥವರು ಪಳಗಿದ್ದು ಅಲ್ಲಿ. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳ ಜನ ಯಾರ ನಂತರ ಬಂದರು, ಯಾರಿಗಿಂತ ಮೊದಲಿದ್ದರು ಎಂಬುದನ್ನು ಪದರಗಳ ಕ್ರಮದಿಂದ ಹೇಳಲು ಸಾಧ್ಯವಾದದ್ದು ಆ ಕೆಲಸದಿಂದ. ಮರುವರ್ಷ ಪುರಾತತ್ತ್ವಜ್ಞ ಬಿ.ಕೆ. ಥಾಪರ್ ಇಂದಿನ ತ್ರಿಶೂರು ಜಿಲ್ಲೆಯ ಪೋರ್ಕಳಂನಲ್ಲಿ ಮುರಕಲ್ಲ (ಕೆಂಪು ಜಂಬಿಟ್ಟಿಗೆ ಕಲ್ಲು, ಲ್ಯಾಟರೈಟ್) ನಾಡಿನ ಸಮಾಧಿಗಳನ್ನು ಅಗೆದರು. ಕಾಸರಗೋಡಿನಲ್ಲೇ ಇರುವ ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು. ಅಲ್ಲಿ 1997ರಿಂದ 2001ರವರೆಗೆ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿ ಕೋಟೆಯೊಳಗಿನ ಕಟ್ಟಡಗಳ ತಳಪಾಯ ಹೊರತೆಗೆದಿದೆ.

ಮುರಕಲ್ಲು ಏಕೆ ಕಷ್ಟ

ಕಲ್ಲಿನೊಳಗಿನ ಸಿಲಿಕಾ ಲಕ್ಷಾಂತರ ಮಳೆಗಾಲಗಳಲ್ಲಿ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿದರೆ ಮುರಕಲ್ಲು ಆಗುತ್ತದೆ. ನೆಲದೊಳಗೆ ಇರುವಾಗ ಮೆತ್ತಗೆ, ಗಾಳಿಗೆ ತೆರೆದ ಮೇಲೆ ಗಟ್ಟಿ. ಈ ಗುಣದಿಂದಲೇ ಕಬ್ಬಿಣ ಯುಗದ ಜನ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬೋಳು ಗುಡ್ಡೆಗಳಲ್ಲಿ, ಗುಹೆ ಕೊರೆದು ಸಮಾಧಿ ಮಾಡಲು ಆಯಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಗುಮ್ಮಟದ ಹಾಗೆ ಒಳಛಾವಣಿ, ನೆತ್ತಿಯಲ್ಲಿ ಕಲ್ಲು ಮುಚ್ಚಿದ ಕಿಂಡಿ, ಬದಿಯಲ್ಲಿ ಕಿರಿದಾದ ಬಾಗಿಲು. ಮಲಯಾಳದಲ್ಲಿ ಇಂಥವನ್ನು ಮುನಿಯರ ಎನ್ನುವುದುಂಟು, ಬಯಲುಸೀಮೆಯಲ್ಲಿ ಕಲ್ಲುಚಪ್ಪಡಿಯ ಸಮಾಧಿಗಳಿಗೆ ಮೋರೇರ ಮನೆ ಎಂದು ಹೆಸರಿರುವ ಹಾಗೆ. ಕೊಡೆಯಂತೆ ಕಾಣುವ ಕುಡಕ್ಕಲ್ಲು, ನೆಲದಲ್ಲಿ ಹೂತ ದೊಡ್ಡ ಗುಡಾಣ ನನ್ನಂಗಾಡಿ ಕೂಡ ಇದೇ ಕಾಲದವು. ಈಗ ಇವು ಬೆಳಕಿಗೆ ಬರುವುದು ಕಲ್ಲಿನ ಕೋರೆಯಲ್ಲಿ, ಇಲ್ಲವೇ ರಸ್ತೆಗೆ ಜೆಸಿಬಿ ಇಳಿದಾಗ. ಅಷ್ಟರಲ್ಲಿ ಅರ್ಧ ಹೋಗಿರುತ್ತದೆ.

ಈ ಮಣ್ಣು ಆಮ್ಲೀಯ. ಹಾಗಾಗಿ ಎಲುಬು ಕರಗಿಹೋಗುತ್ತದೆ, ಸಮಾಧಿಯಲ್ಲಿ ಮಡಕೆ, ತುಕ್ಕಿನ ಗಂಟಾದ ಕಬ್ಬಿಣ, ಮಣಿ ಮಾತ್ರ ಉಳಿದಿರುವುದು ಸಾಮಾನ್ಯ. ಎಲುಬಿಲ್ಲ ಎಂದರೆ ಹೂಳಲಿಲ್ಲ ಎಂದು ತೀರ್ಮಾನಿಸಬಾರದು. ಇನ್ನೊಂದು ತೊಡಕು ಮೇಲ್ಪದರದ ಮುರ ಜಲ್ಲಿ. ಕೆಂಪು, ಕಂದು ಬಣ್ಣದ ಈ ಉಂಡೆಗಳು ಮಡಕೆ ಚೂರಿನಂತೆಯೇ ಕಂಡು ಹೊಸಬರನ್ನು ದಾರಿ ತಪ್ಪಿಸುತ್ತವೆ. ಮುರಿದ ಅಂಚನ್ನು ನೋಡಬೇಕು. ಮಡಕೆಯಾದರೆ ಒಳಗೆ ಹೊರಗೆ ಬೇರೆ ಬಣ್ಣದ ಪದರ, ಮಣ್ಣಿಗೆ ಬೆರೆಸಿದ ಮರಳಿನ ಕಣ, ಒಂದೇ ಸಮನಾದ ಬಾಗು ಕಾಣುತ್ತದೆ. ಜಲ್ಲಿಗೆ ಬಾಗಿನ ಲೆಕ್ಕವೇ ಇಲ್ಲ, ಕೈಗೂ ಭಾರ.

ಚೌಕ ಹಾಕುವುದು

ಮೊದಲ ಎರಡು ದಿನ ನೆಲಕ್ಕೆ ಹಾರೆ ತಾಗುವುದಿಲ್ಲ. ಗುಡ್ಡೆಯ ಮೇಲೆ ಐದರಿಂದ ಹತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಡೆದು, ಕಂಡದ್ದನ್ನು ಎತ್ತದೆ, ಜಾಗ ಗುರುತಿಸಬೇಕು. ಮೊಬೈಲಿನ ಜಿಪಿಎಸ್ ಬಯಲಲ್ಲೂ ಮೂರರಿಂದ ಐದು ಮೀಟರ್ ತಪ್ಪು ತೋರಿಸಬಹುದು, ಗೇರು ತೋಟದ ಮರದಡಿ ಇನ್ನೂ ಹೆಚ್ಚು. ಆದ್ದರಿಂದ ಮುಖ್ಯ ಬಿಂದುಗಳನ್ನು ಟೇಪಿನಿಂದಲೇ ಅಳೆಯುತ್ತಾರೆ.

ತರಬೇತಿಗೆ 5×5 ಮೀಟರಿನ ಚೌಕ ಅನುಕೂಲ. ನಾಲ್ಕೂ ಬದಿಯಲ್ಲಿ ಅರ್ಧರ್ಧ ಮೀಟರ್ ಅಗೆಯದೆ ಬಿಟ್ಟರೆ, ಅದನ್ನು ಬಾಲ್ಕ್ ಎನ್ನುತ್ತಾರೆ, ಒಳಗೆ 4×4 ಮೀಟರ್ ಉಳಿಯುತ್ತದೆ. ಮೂಲೆ ನೇರವಾಗಿದೆಯೇ ಎಂದು ನೋಡಲು ಮನೆಗೆ ಪಾಯ ಹಾಕುವ ಮೇಸ್ತ್ರಿಯ ಲೆಕ್ಕವೇ ಸಾಕು: ಒಂದು ಬದಿಗೆ 3, ಇನ್ನೊಂದಕ್ಕೆ 4, ಅಡ್ಡಕ್ಕೆ 5. ಇಡೀ ಚೌಕದ ಕರ್ಣ 7.07 ಮೀಟರ್ ಬರಬೇಕು. ಎರಡು ಕರ್ಣಗಳೂ ಒಂದೇ ಅಳತೆ ಬಂದರೆ ಮಾತ್ರ ಗೂಟ ಗಟ್ಟಿ ಮಾಡಿ. ಎರಡರ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಿತ್ತು ಮತ್ತೆ ಹಾಕುವುದು ಒಳ್ಳೆಯದು. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಹಿಡಿದರೆ ಅಳತೆ ತಪ್ಪುತ್ತದೆ. ಸಮತಟ್ಟಾಗಿ ಎಳೆದು ತುದಿಯಿಂದ ತೂಗುಗುಂಡು ಇಳಿಬಿಡಬೇಕು. ಮುರಕಲ್ಲ ಪಾದೆಯಲ್ಲಿ ಮರದ ಗೂಟ ಇಳಿಯುವುದಿಲ್ಲ, ಕಬ್ಬಿಣದ ಸರಳು ತರಿಸಿಟ್ಟಿರಬೇಕು.

ಆಳ ಅಳೆಯಲು ಅಲುಗದ ಒಂದು ಬಿಂದು ಬೇಕು. ಹತ್ತಿರದ ಶಾಲೆಯ ಮೆಟ್ಟಿಲೋ ದೇವಸ್ಥಾನದ ಕಟ್ಟೆಯೋ ಆಗಬಹುದು. ಅದಕ್ಕೆ 100.00 ಮೀಟರ್ ಎಂದು ಹೆಸರಿಡೋಣ. ಡಂಪಿ ಲೆವೆಲಿನಲ್ಲಿ, ಅಂದರೆ ಮುಕ್ಕಾಲಿಯ ಮೇಲೆ ಕೂರಿಸಿದ ಮಟ್ಟದ ದುರ್ಬೀನಿನಲ್ಲಿ, ಕಣ್ಣಿಟ್ಟು ಅಲ್ಲಿ ನಿಲ್ಲಿಸಿದ ಅಳತೆಕೋಲು ಓದಿದಾಗ 1.32 ಬಂದರೆ ಉಪಕರಣದ ಕಣ್ಣು 101.32ರಲ್ಲಿದೆ. ಚೌಕದ ತಳದಲ್ಲಿ ಕೋಲು 1.87 ತೋರಿಸಿದರೆ ಆ ತಳದ ಮಟ್ಟ 99.45. ಲೆಕ್ಕ ಇಷ್ಟೇ. ಕೆಡುವುದು ಊಟದ ನಂತರ: ನೆರಳಿಗಾಗಿ ಯಾರೋ ಮುಕ್ಕಾಲಿಯನ್ನು ಪಕ್ಕಕ್ಕೆ ಸರಿಸಿರುತ್ತಾರೆ, ಕಟ್ಟೆಯ ಮೇಲೆ ಮತ್ತೆ ಓದದೆಯೇ ಅಳತೆ ಮುಂದುವರಿಯುತ್ತದೆ, ಆ ಮಧ್ಯಾಹ್ನದ ಎಲ್ಲ ಅಂಕಿಗಳೂ ಹಾಳು. ಕೋಲು ವಾಲಿದ್ದರೂ ಅಳತೆ ಹೆಚ್ಚು ಬರುತ್ತದೆ. ಹಿಡಿದವರು ಅದನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಬೇಕು, ಓದುವವರು ಅತಿ ಕಡಿಮೆ ಅಂಕಿಯನ್ನು ಬರೆದುಕೊಳ್ಳಬೇಕು.

ಎಷ್ಟು ಆಳ ಹೋಗಬಹುದು ಎಂಬ ಆಸೆಗೂ ಒಂದು ಲೆಕ್ಕವಿದೆ. 4×4 ಮೀಟರಿನಲ್ಲಿ 10 ಸೆಂಟಿಮೀಟರ್ ತೆಗೆದರೆ 1.6 ಘನ ಮೀಟರ್, ಸುಮಾರು ಎರಡೂವರೆ ಟನ್ ಮಣ್ಣು. 10 ಲೀಟರ್ ಹಿಡಿಯುವ ಬಾಂಡ್ಲಿಯಲ್ಲಿ ಹೊತ್ತರೆ 160, ಸಡಿಲಗೊಂಡ ಮಣ್ಣು ಉಬ್ಬುವುದರಿಂದ 200ರ ಹತ್ತಿರ. ಅಷ್ಟನ್ನೂ ಜರಡಿ ಹಿಡಿಯಬೇಕು. ಏಳೆಂಟು ಜನರಿಗೆ ಅದು ಹೆಚ್ಚುಕಡಿಮೆ ಒಂದು ದಿನದ ಕೆಲಸ. ಇಪ್ಪತ್ತು ದಿನದಲ್ಲಿ ಚೌಕ ಹಾಕಲು, ಚಿತ್ರ ಬರೆಯಲು, ಮಳೆಗೆ, ಮುಚ್ಚಲು ಎಂಟು ದಿನ ಕಳೆದರೆ ಅಗೆತಕ್ಕೆ ಹನ್ನೆರಡು. ಅಂದರೆ ಬಹಳವೆಂದರೆ 1.2 ಮೀಟರ್. ಒಂದು ವಾರದಲ್ಲಿ ಎರಡು ಮೀಟರ್ ಇಳಿದೆವು ಎಂದು ಹೇಳಿಕೊಳ್ಳುವ ಶಿಬಿರದಲ್ಲಿ ಬರವಣಿಗೆ ನಡೆದಿರುವುದು ಅನುಮಾನ.

ಕರಣೆ, ಹಿಡಿಸೂಡಿ ಮತ್ತು ಕಿವಿ

ಗಟ್ಟಿ ನೆಲಕ್ಕೆ ಚಿಕ್ಕ ಪಿಕ್ಕಾಸು, ಪದರ ಬಿಡಿಸಲು ನಾಲ್ಕು ಇಂಚಿನ ಮೊನಚು ಕರಣೆ, ಗುಡಿಸಲು ಬ್ರಷ್. ಕಾಸರಗೋಡಿನಲ್ಲಿ ತೆಂಗಿನ ಹಿಡಿಸೂಡಿಯ ಬುಡ ಕತ್ತರಿಸಿ ಮೋಟು ಮಾಡಿಕೊಂಡರೆ ಜಲ್ಲಿ ನೆಲಕ್ಕೆ ಅದೇ ಮೇಲು. ಅಡಿಕೆ ಹಾಳೆ ಚೂರುಗಳನ್ನು ಹೊತ್ತೊಯ್ಯಲು ತಟ್ಟೆಯೂ ಆಗುತ್ತದೆ, ತಲೆಗೆ ಮುಟ್ಟಾಳೆಯೂ ಆಗುತ್ತದೆ. ಕರಣೆಯನ್ನು ಕುತ್ತಬಾರದು. ಅಂಚನ್ನು ನೆಲಕ್ಕೆ ಓರೆ ಮಾಡಿ ತಮ್ಮ ಕಡೆಗೆ ಎಳೆಯಬೇಕು, ಕೆರೆದ ಜಾಗದ ಮೇಲೆ ಕೂರದೆ ಹಿಂದಕ್ಕೆ ಸರಿಯುತ್ತ ಹೋಗಬೇಕು. ಬಣ್ಣ ಬದಲಾದ ಕಡೆ ನಿಲ್ಲಬೇಕು.

ಬಣ್ಣ ಬದಲಾಗುವುದೇ ಇಲ್ಲ ಎಂಬುದು ಇಲ್ಲಿನ ದೊಡ್ಡ ದೂರು. ಒಣಗಿದಾಗ ಎಲ್ಲವೂ ಒಂದೇ ಕೆಂಪು. ಹಾಗಾಗಿ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ಪ್ರತಿ ಬಣ್ಣಕ್ಕೂ ಒಂದು ಸಂಕೇತ ಕೊಟ್ಟಿರುವ ಮನ್ಸೆಲ್ ಬಣ್ಣದ ಪಟ್ಟಿಯ ಪಕ್ಕ ಹಿಡಿದು ಓದುತ್ತಾರೆ. 2.5ವೈಆರ್ 4/6 ಎಂದರೆ ಕೆಂಪು, 5ವೈಆರ್ 4/4 ಎಂದರೆ ಕೆಂಗಂದು. ತಂಪು ಕನ್ನಡಕ ಹಾಕಿಕೊಂಡು ಓದಿದರೆ ಅಂಕಿ ತಪ್ಪುತ್ತದೆ. ಕಣ್ಣು ಸೋತಲ್ಲಿ ಬೆರಳು ಕೆಲಸಕ್ಕೆ ಬರುತ್ತದೆ: ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸಿದಾಗ ಉದ್ದಕ್ಕೆ ನಿಂತರೆ ಜೇಡಿ ಹೆಚ್ಚು, ಕೂಡಲೇ ಮುರಿದರೆ ಮರಳು ಹೆಚ್ಚು. ಬೆರಳಿಗಿಂತ ಚುರುಕು ಕಿವಿ. ಮೂಲ ಮುರಕಲ್ಲಿಗೆ ಪಿಕ್ಕಾಸು ತಾಗಿದರೆ ಟಣ್ ಎನ್ನುತ್ತದೆ, ಹಿಂದೆ ಯಾರೋ ತೋಡಿ ತುಂಬಿದ ಮಣ್ಣಿಗೆ ಮಂದ ಸದ್ದು. ಈ ಜಿಲ್ಲೆಯಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಸುರಂಗ ತೋಡಿದ ಕೈಗಳಿವೆ. ಮೊಂಬತ್ತಿಯ ಬೆಳಕಿನಲ್ಲಿ ಮುರಕಲ್ಲು ಓದಲು ಕಲಿತ ಅಂಥವರು ಚೌಕದಲ್ಲಿದ್ದರೆ ವಿದ್ಯಾರ್ಥಿಗಳು ಅವರ ಪಕ್ಕದಲ್ಲೇ ಕೆಲಸ ಮಾಡಬೇಕು. ಆ ತಿಳಿವು ಯಾವ ಪಠ್ಯಪುಸ್ತಕದಲ್ಲೂ ಸಿಗದು.

ಈಗ ಗುಂಡಿಯ ಗೋಡೆಯ ಮುಂದೆ ಕೂರೋಣ. ಬೆಳಿಗ್ಗೆ ಏಳರ ಹೊತ್ತು, ಬಿಸಿಲು ಇನ್ನೂ ಗೋಡೆಗೆ ಬಿದ್ದಿಲ್ಲ. ಕರಣೆಯಿಂದ ಮೇಲಿನಿಂದ ಕೆಳಗೆ ತೆಳುವಾಗಿ ಕೆರೆದು, ಗಿಡಕ್ಕೆ ಹೊಡೆಯುವ ಸಣ್ಣ ಪಂಪಿನಿಂದ ಮಂಜಿನಂತೆ ನೀರು ಹಾಕಿದರೆ ಐದು ನಿಮಿಷ ಮಾತ್ರ ಗೋಡೆ ತನ್ನ ಗೆರೆಗಳನ್ನು ತೋರಿಸುತ್ತದೆ. ಮೇಲೆ ಬೇರು ತುಂಬಿದ ಕಪ್ಪು ಮಣ್ಣು, ಒಂದು ಗೇಣು. ಅದು ಪದರ 1. ಕೆಳಗೆ ಜಲ್ಲಿ ಬೆರೆತ ಕೆಂಪು, ಪದರ 2. ಅದರಡಿ ಇದ್ದಿಲ ಚುಕ್ಕೆಗಳಿರುವ ಮೆತ್ತನೆಯ ಕಂದು, ಪದರ 3. ಬಲಬದಿಯಲ್ಲಿ ಎರಡಡಿ ಅಗಲದ ಬಟ್ಟಲಿನಾಕಾರ ಪದರ 2 ಮತ್ತು 3ನ್ನು ಕಡಿದು ಇಳಿದಿದೆ. ಅದರ ತಳ ಪದರ 3ಕ್ಕಿಂತ ಕೆಳಗಿದೆ, ಹಾಗಾದರೆ ಅದು ಪದರ 3ಕ್ಕಿಂತ ಹಳೆಯದೇ? ಅಲ್ಲ. ಗುಂಡಿಯ ಕಾಲ ತಿಳಿಯುವುದು ಬಾಯಿಯಿಂದ. ಬಾಯಿ ಪದರ 2ರ ಮೇಲ್ಮೈಯಲ್ಲಿದ್ದರೆ ಪದರ 2 ಬಿದ್ದ ಮೇಲೆ ಯಾರೋ ಅದನ್ನು ತೋಡಿದ್ದಾರೆ. ಬಾಯಿ ಇನ್ನೂ ಮೇಲೆ, ಪದರ 1ರಲ್ಲೇ ಇದ್ದರೆ ಅದು ಗೇರು ಗಿಡ ನೆಡಲು ತೋಡಿದ ಗುಂಡಿ ಇರಬಹುದು. ತಳದಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲದ ತುಂಡು ಸಿಕ್ಕಿದಾಗ ಸಮಾಧಿ ಸಿಕ್ಕಿತೆಂಬ ಸಂಭ್ರಮ ಮುಗಿಯುತ್ತದೆ.

ಹೊಸ ಗುಂಡಿಯನ್ನು ಮೊದಲು ಖಾಲಿ ಮಾಡಿ, ಆಮೇಲೆ ಸುತ್ತಲಿನ ಹಳೆಯ ಪದರಕ್ಕೆ ಕೈ ಹಾಕುವುದು ಇದಕ್ಕಾಗಿಯೇ. ಎರಡನ್ನೂ ಒಟ್ಟಿಗೆ ತೆಗೆದರೆ ಪ್ಲಾಸ್ಟಿಕ್ಕೂ ಕಬ್ಬಿಣ ಯುಗದ ಕಪ್ಪು-ಕೆಂಪು ಮಡಕೆಯೂ ಒಂದೇ ಚೀಲ ಸೇರುತ್ತವೆ, ಆ ಚೀಲದಿಂದ ಕಾಲ ಹೇಳಲು ಬರುವುದಿಲ್ಲ. ಒಂದು ಪದರ ಅದರಲ್ಲಿರುವ ಅತಿ ಹೊಸ ವಸ್ತುವಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೆಗ್ಗಣದ ಬಿಲ, ಬೇರು, ಗೆದ್ದಲು ಕೂಡ ಪದರ ಕಲಸುತ್ತವೆ. ಗೆದ್ದಲು ನುಣ್ಣನೆಯ ಮಣ್ಣನ್ನು ಮೇಲಕ್ಕೆ ತರುತ್ತದೆ, ಭಾರದ ಚೂರುಗಳು ನಿಧಾನಕ್ಕೆ ಕೆಳಗಿಳಿಯುತ್ತವೆ. ಯಾವುದು ಯಾವುದನ್ನು ಕಡಿದಿದೆ, ಯಾವುದರ ಮೇಲಿದೆ ಎಂಬ ಸಂಬಂಧಗಳನ್ನು ಪೆಟ್ಟಿಗೆ ಮತ್ತು ಗೆರೆಗಳ ನಕ್ಷೆಯಾಗಿ ಬರೆಯುವ ಕ್ರಮವನ್ನು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದರು. ಅದನ್ನು ದಿನವೂ ಸಂಜೆ ಬರೆಯಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ನೆನಪು ಕೈಕೊಡುತ್ತದೆ.

ಗೋಡೆಯ ಚಿತ್ರ 1:20 ಪ್ರಮಾಣದಲ್ಲಿ ಬರೆದರೆ ಒಳಗಿನ ನಾಲ್ಕು ಮೀಟರ್ ಗ್ರಾಫ್ ಹಾಳೆಯಲ್ಲಿ 20 ಸೆಂಟಿಮೀಟರ್. ಗೋಡೆಗೆ ಅಡ್ಡಲಾಗಿ ಮಟ್ಟದ ದಾರ ಕಟ್ಟಿ, ಪ್ರತಿ 20 ಸೆಂಟಿಮೀಟರಿಗೆ ದಾರದಿಂದ ಪದರದ ಗೆರೆಗೆ ಎಷ್ಟು ದೂರ ಎಂದು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಚುಕ್ಕೆ ಇಡುತ್ತಾರೆ. ದಾರ ಸಡಿಲಾಗಿ ನಡುವೆ ಜೋತರೆ ಪದರಗಳೆಲ್ಲ ನಡುವಿನಲ್ಲಿ ಮೇಲಕ್ಕೆ ಉಬ್ಬಿದಂತೆ ಚಿತ್ರ ಬರುತ್ತದೆ. ಪೆನ್ಸಿಲ್ 2ಎಚ್ ಅಥವಾ 4ಎಚ್ ಇರಲಿ. ಬೆವರು ಬಿದ್ದರೆ ಶಾಯಿ ಹರಡುತ್ತದೆ.

ಚೀಟಿಯೇ ಪ್ರಾಣ

ಜರಡಿ ಎರಡು ಬೇಕು, 5 ಮಿಲಿಮೀಟರ್ ಮತ್ತು 2 ಮಿಲಿಮೀಟರ್. ಮಣಿಗಳು ದೊಡ್ಡ ಕಣ್ಣಿನ ಜರಡಿಯಲ್ಲಿ ಸೋರಿಹೋಗುತ್ತವೆ. ಮುರ ಜಲ್ಲಿ ಜರಡಿಯಲ್ಲಿ ತುಂಬಿ ನಿಲ್ಲುವುದರಿಂದ ಮುಖ್ಯ ಪದರಗಳ ಮಣ್ಣನ್ನು ನೀರಿನಲ್ಲಿ ತೊಳೆದು ನೋಡಬೇಕು. ಸುಟ್ಟ ಕಾಳುಗಳಿಗಾಗಿ ಪ್ರತಿ ಪದರದಿಂದ ಇಂತಿಷ್ಟು ಲೀಟರ್ ಎಂದು ಅಳೆದು, ಬಕೆಟಿನ ನೀರಿಗೆ ಹಾಕಿ ಕದಡಿದರೆ ಕಾಳು, ಇದ್ದಿಲು ತೇಲುತ್ತವೆ. ಅವನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸಿಡಿಯುತ್ತವೆ.

ಇಂಗಾಲದ ಕಾಲಗಣನೆಗೆ ಕಳಿಸುವ ಇದ್ದಿಲನ್ನು ಬರಿಗೈಯಲ್ಲಿ ಮುಟ್ಟದೆ ಕರಣೆಯ ತುದಿಯಿಂದ ಎತ್ತಿ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುತ್ತಾರೆ. ಹತ್ತಿ, ಕಾಗದ ಬೇಡ, ಅವುಗಳದ್ದೂ ಇಂಗಾಲವೇ. ಬೇರಿನ ಪಕ್ಕದ ಇದ್ದಿಲು ಬಿಟ್ಟುಬಿಡಿ. ಸತ್ತ ಮರದಲ್ಲಿರುವ ಇಂಗಾಲ-14 ಪ್ರತಿ 5730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಉಳಿದದ್ದನ್ನು ಅಳೆದು ಕಾಲ ಹೇಳುತ್ತಾರೆ. ಇಂದಿನ ಬೇರಿನ ತುಣುಕು ಸ್ವಲ್ಪ ಬೆರೆತರೂ ಹಳೆಯ ಮಾದರಿ ಹೊಸದಾಗಿ ಕಾಣುತ್ತದೆ.

ಮಡಕೆ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲನೆ ತೊಳೆದು ನೆರಳಲ್ಲಿ ಹರಡುತ್ತಾರೆ. ಒಳಬದಿಗೆ ಮಸಿ ಮೆತ್ತಿದ ಚೂರು ತೊಳೆಯಬಾರದು, ಅದರಲ್ಲಿ ಅಡುಗೆಯ ಕುರುಹು ಇರಬಹುದು. ಕಂಠ, ತಳ, ಅಲಂಕಾರವಿರುವ ಚೂರುಗಳನ್ನು ಬೇರೆ ಮಾಡಿ, ಉಳಿದವನ್ನು ಎಣಿಸಿ ತೂಗಿ ಬರೆಯಬೇಕು. ಕಂಠದ ಚೂರನ್ನು ವೃತ್ತಗಳ ಪಟ್ಟಿಯ ಮೇಲೆ ತಲೆಕೆಳಗೆ ಇಟ್ಟು ಯಾವ ವೃತ್ತಕ್ಕೆ ಕೂರುತ್ತದೆ ನೋಡಿದರೆ ಮಡಕೆಯ ಬಾಯಿಯ ಅಗಲ ಸಿಗುತ್ತದೆ. ಇಡೀ ಅಂಚು ಮೇಜಿಗೆ ತಾಗುವಂತೆ ಹಿಡಿಯಬೇಕು, ಬೆಳಕು ನುಸುಳಿದರೆ ಕೋನ ತಪ್ಪಿದೆ.

ಪ್ರತಿ ಚೀಲಕ್ಕೆ ಎರಡು ಚೀಟಿ: ಒಂದು ಹೊರಗೆ, ಒಂದು ಸಣ್ಣ ಪ್ಲಾಸ್ಟಿಕ್ ಲಕೋಟೆಯಲ್ಲಿ ಒಳಗೆ. ಸ್ಥಳ, ಚೌಕ, ಪದರ, ಆಳ, ದಿನಾಂಕ, ಬರೆದವರ ಹೆಸರಿನ ಮೊದಲಕ್ಷರ. ಕಾಸರಗೋಡಿನ ಚೌಕದಲ್ಲಿ ಕನ್ನಡ, ಮಲಯಾಳ, ತುಳು ಮೂರೂ ಓಡಾಡುತ್ತವೆ, ಮುದ್ರಿತ ನಮೂನೆ ಇಂಗ್ಲಿಷಿನಲ್ಲಿರುತ್ತದೆ. ಯಾವ ಭಾಷೆಯಲ್ಲಾದರೂ ಮಾತಾಡಿ, ಚೀಟಿಯ ಅಂಕಿಗೆ ಮಾತ್ರ ಮೊದಲ ದಿನವೇ ಒಂದು ಲಿಪಿ ಗೊತ್ತು ಮಾಡಿಕೊಳ್ಳಿ. ಅವಸರದಲ್ಲಿ ಬರೆದ ಕನ್ನಡದ ೧ ಇನ್ನೊಬ್ಬರ ಕಣ್ಣಿಗೆ ಸೊನ್ನೆ. ಕೆಲಸದವರು ಮೂಡು, ಪಡು, ಬಡಗು, ತೆಂಕು ಎಂದು ಹೇಳುವ ದಿಕ್ಕು ನಾಲ್ಕೂ ವಿದ್ಯಾರ್ಥಿಗಳಿಗೆ ಬಾಯಿಪಾಠವಿರಲಿ.

ಮಳೆ, ಮಿಂಚು, ಮುಚ್ಚುವುದು

ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿ, ಸಂಜೆ ಮೂರೂವರೆಯ ನಂತರ ನೆರಳಿನ ಕೆಲಸ ಮಾಡುವುದು ಮೇ ತಿಂಗಳಿಗೆ ಒಗ್ಗುತ್ತದೆ. ಬಿಸಿಲಿಗಿಂತ ಹೆಚ್ಚು ಹೆದರಬೇಕಾದದ್ದು ಮಧ್ಯಾಹ್ನದ ನಂತರದ ಗುಡುಗು ಮಳೆಗೆ. ಬೋಳು ಪದವಿನ ಮೇಲೆ ಅಳತೆಕೋಲು ಹಿಡಿದು ನಿಂತವರೇ ಅತಿ ಎತ್ತರದ ವಸ್ತು. ಮೊದಲ ಗುಡುಗಿಗೇ ಉಪಕರಣ ಬಿಟ್ಟು ಪಕ್ಕಾ ಕಟ್ಟಡದೊಳಗೆ ಹೋಗಬೇಕು, ಗೇರು ಮರದಡಿ ನಿಲ್ಲಬಾರದು. ಚೌಕದ ಸುತ್ತ ಗೇಣು ಎತ್ತರದ ಮಣ್ಣಿನ ಕಟ್ಟ, ಅದರ ಹೊರಗೆ ನೀರು ಹರಿದುಹೋಗಲು ಕಣಿ ಮೊದಲ ದಿನವೇ ತಯಾರಿರಲಿ. ಟಾರ್ಪಾಲು ಇಳಿಜಾರಾಗಿ ಕಟ್ಟದಿದ್ದರೆ ಹೊಟ್ಟೆ ಬಿಟ್ಟು ನೀರು ತುಂಬಿ ಗೋಡೆಯ ಮೇಲೆಯೇ ಒಡೆಯುತ್ತದೆ. ಅಗೆದ ಮಣ್ಣಿನ ರಾಶಿ ಅಂಚಿನಿಂದ ಒಂದು ಮೀಟರ್ ಆಚೆ ಇರಬೇಕು, ಭಾರಕ್ಕೆ ಗೋಡೆ ಜರಿಯುತ್ತದೆ. 1.2 ಮೀಟರಿಗಿಂತ ಆಳ ಹೋಗುವುದಾದರೆ ಮೆಟ್ಟಿಲು ಬಿಟ್ಟೇ ಇಳಿಯಬೇಕು. ಬೆಳಿಗ್ಗೆ ಟಾರ್ಪಾಲು ಮಡಚುವಾಗ ಕೋಲಿನಿಂದ ತಟ್ಟಿ ನೋಡಿ, ಹಾವು ಚೇಳು ತಂಪಿಗೆ ಸೇರಿರುತ್ತವೆ.

ಕೊನೆಯ ದಿನ ತಳ ಗುಡಿಸಿ, ಉತ್ತರ ದಿಕ್ಕಿನ ಬಾಣ ಮತ್ತು ಅಳತೆಪಟ್ಟಿ ಇಟ್ಟು ಕೊನೆಯ ಚಿತ್ರ ತೆಗೆಯುತ್ತಾರೆ. ತಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಆ ವರ್ಷದ ಒಂದು ನಾಣ್ಯ ಇಟ್ಟು ಮಣ್ಣು ತುಂಬುತ್ತಾರೆ. ಮುಂದೆ ಇದೇ ಜಾಗ ತೆರೆಯುವವರಿಗೆ ಹಿಂದಿನವರು ಎಲ್ಲಿಗೆ ನಿಲ್ಲಿಸಿದರು, ಯಾವಾಗ ಎಂದು ಅದರಿಂದ ತಿಳಿಯುತ್ತದೆ. ತುಂಬುವಾಗ ಪ್ರತಿ ಒಂದಡಿಗೆ ತುಳಿದು ಗಟ್ಟಿ ಮಾಡದಿದ್ದರೆ ಮೊದಲ ಮಳೆಗೇ ನಡು ಕುಸಿದು ಹೊಂಡವಾಗುತ್ತದೆ, ಮೇಯಲು ಬಂದ ದನ ಕಾಲು ಮುರಿದುಕೊಳ್ಳುತ್ತದೆ. ಮೇಲಿನ ಕಪ್ಪು ಮಣ್ಣನ್ನು ಆರಂಭದಲ್ಲೇ ಬೇರೆ ರಾಶಿ ಹಾಕಿಟ್ಟಿರಬೇಕು. ಅದನ್ನು ಕೊನೆಯಲ್ಲಿ, ಎಲ್ಲಕ್ಕಿಂತ ಮೇಲೆ ಹರಡಬೇಕು. ಜೂನ್‌ನಲ್ಲಿ ಜಾಗದ ಯಜಮಾನರು ಅಲ್ಲೇ ಗಿಡ ನೆಡುವವರಿದ್ದಾರೆ.